ತಂತಿಗಿಂತ ಮೊದಲು ತುದಿ ನೋಡಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಸಮುದ್ರದಿಂದ ಇಷ್ಟು ದೂರ ಇರುವ ನಮ್ಮ ಜಿಲ್ಲೆಗಳಿಂದ ಹಾಯಿದೋಣಿ ಬಗ್ಗೆ ಪತ್ರ ಬಂದರೆ ನನಗೆ ಬಹಳ ಖುಷಿ. ಈ ಸಲ ಕಲಬುರಗಿಯ ಒಂದು ಪತ್ರ ಉದ್ದಕ್ಕಿದೆ, ಅದಕ್ಕೆ ಉತ್ತರವೂ ಉದ್ದವಾಗಿದೆ. ಉಳಿದ ಮೂರು ಪತ್ರಗಳು ಅದೇ ವಿಷಯದ ಅಕ್ಕಪಕ್ಕದವು, ಹಾಗಾಗಿ ಒಟ್ಟಿಗೇ ಹಾಕಿದ್ದೇನೆ.

ಪ್ರಶ್ನೆ: ನಮಸ್ಕಾರ ಸರ್. ನಾನು ಕಲಬುರಗಿಯವನು, ಕೆಲಸ ಮುಂಬೈಯಲ್ಲಿ. ಮೂವರು ಗೆಳೆಯರು ಸೇರಿ ಅಲ್ಲಿ ಒಂದು ಹಳೇ ಹಾಯಿದೋಣಿ ತಗೊಂಡಿದ್ದೇವೆ. 28 ಅಡಿ, ಫೈಬರ್ ಮೈ, ಅಲ್ಯೂಮಿನಿಯಂ ಮಾಸ್ಟ್ (ಹಾಯಿ ಕಂಬ). ಮಳೆಗಾಲ ಅಂತ ಈಗ ದಡಕ್ಕೆ ಎಳೆದು ಇಟ್ಟಿದೆ. ಮಾಸ್ಟ್ ಹಿಡಿದಿರುವ ತಂತಿಗಳ ಕೆಳತುದಿಯಲ್ಲಿ ಕಂದು ಕಲೆ ಕಾಣುತ್ತಿದೆ. ಒಂದು ಕಡೆ ತಂತಿಯ ಒಂದು ಎಳೆ ಕಿತ್ತು ಹೊರಗೆ ಬಂದಿದೆ. ಮಾರಿದವರು ‘ಪಾಲಿಶ್ ಹೊಡೀರಿ ಸಾಕು, ಸ್ಟೇನ್‌ಲೆಸ್ ಸ್ಟೀಲು, ಏನೂ ಆಗಲ್ಲ’ ಅನ್ನುತ್ತಾರೆ. ಊರಿಗೆ ಬಂದಾಗ ಇಲ್ಲಿನ ಲೇತ್ ಅಂಗಡಿಯಲ್ಲಿ ಫೋಟೊ ತೋರಿಸಿದೆ. ಪಿನ್ನು, ಟರ್ನ್‌ಬಕಲ್ ಎಲ್ಲಾ ಕಡಿಮೆ ದುಡ್ಡಿನಲ್ಲಿ ಮಾಡಿಕೊಡ್ತೀನಿ ಅಂದರು. ಯಾವುದನ್ನು ಬದಲಿಸಬೇಕು, ಯಾವುದನ್ನು ಬಿಡಬಹುದು?
— ಒಬ್ಬ ಓದುಗರು, ಕಲಬುರಗಿ

ಉತ್ತರ: ಎಳೆ ಕಿತ್ತ ತಂತಿಗೆ ಪಾಲಿಶ್ ಮದ್ದಲ್ಲ. ಆ ತಂತಿಯ ಕಥೆ ಮುಗಿದಿದೆ. ಅದರ ಜೊತೆಗೆ ಅದೇ ವಯಸ್ಸಿನ ಉಳಿದ ತಂತಿಗಳದ್ದೂ ಹೆಚ್ಚುಕಡಿಮೆ ಮುಗಿದಿದೆ ಅಂತಲೇ ತಿಳಿಯಿರಿ.

ಉಳಿದ ಓದುಗರಿಗೆ ಮೊದಲು ಎರಡು ಮಾತು. ಕರೆಂಟ್ ಕಂಬಕ್ಕೆ ಸ್ಟೇ ವೈರ್ ಎಳೆದು ನೆಲಕ್ಕೆ ಕಟ್ಟಿರುತ್ತಾರಲ್ಲ, ಹಾಯಿದೋಣಿಯ ಮಾಸ್ಟ್ ನಿಂತಿರುವುದೂ ಹಾಗೆಯೇ. ಮುಂದಿನ ತಂತಿ ಫೋರ್‌ಸ್ಟೇ, ಹಿಂದಿನದು ಬ್ಯಾಕ್‌ಸ್ಟೇ, ಎಡಬಲಕ್ಕೆ ಇರುವವು ಶ್ರೌಡ್. ಗಾಳಿ ಹಾಯಿಯನ್ನು ತಳ್ಳುವ ಪೂರ್ತಿ ಭಾರ ಈ ತಂತಿಗಳ ಮೂಲಕ ದೋಣಿಯ ಮೈಗೆ ಇಳಿಯುತ್ತದೆ. ತಂತಿಯ ತುದಿಗೆ ಒತ್ತಿ ಕೂರಿಸಿದ ಕೊಳವೆ ಸ್ವೇಜ್. ಅದರ ಕೆಳಗೆ ಬಿಗಿ ಮಾಡುವ ಟರ್ನ್‌ಬಕಲ್, ಅದಕ್ಕೊಂದು ಪಿನ್ನು, ಪಿನ್ನು ಬೀಳದ ಹಾಗೆ ಸ್ಪ್ಲಿಟ್ ಪಿನ್, ಕೊನೆಗೆ ದೋಣಿಯ ಮೈಗೆ ಬೋಲ್ಟ್ ಹಾಕಿದ ಪಟ್ಟಿ, ಅಂದರೆ ಚೈನ್‌ಪ್ಲೇಟ್. ಇಷ್ಟರಲ್ಲಿ ಒಂದು ಹೋದರೂ ಮಾಸ್ಟ್ ಕೆಳಗೆ.

ಎಲ್ಲರೂ ತಂತಿಯ ಮಧ್ಯಭಾಗ ನೋಡಿ, ಕೈಯಲ್ಲಿ ಸವರಿ, ಹೊಳೀತಾ ಇದೆ ಅಂತ ಸಮಾಧಾನ ಪಡುತ್ತಾರೆ. ತಂತಿ ಮಧ್ಯದಲ್ಲಿ ಹೋಗುವುದು ಅಪರೂಪ. ಹೋಗುವುದು ತುದಿಯಲ್ಲಿ, ಅದರಲ್ಲೂ ಕೆಳತುದಿಯಲ್ಲಿ. ಉಪ್ಪುನೀರು ಎಳೆಗಳ ಸಂದಿಯಲ್ಲೇ ಜಾರಿಕೊಂಡು ಬಂದು ಕೆಳಗಿನ ಸ್ವೇಜ್ ಬಾಯಿಯೊಳಗೆ ಇಳಿಯುತ್ತದೆ. ಅಲ್ಲಿಂದ ಹೊರಗೆ ಹೋಗಲು ದಾರಿ ಇಲ್ಲ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ, ಮತ್ತೆ ನೀರು ಬರುತ್ತದೆ, ಹೀಗೆ ವರ್ಷಗಟ್ಟಲೆ. ಒಳಗೆ ಸ್ಟೀಲು ತಿಂದುಹೋಗಿ ಸ್ವೇಜ್ ಉದ್ದಕ್ಕೆ ಸೀಳುತ್ತದೆ. ನೀವು ನೋಡಿದ ಕಂದು ಕಲೆ ಆ ಒಳಗಿನ ಕೆಲಸದ ಗುರುತು. ಹೊರಗಿನ ಕಲೆ ಒರೆಸಿದರೆ ಗುರುತು ಹೋಗುತ್ತದೆ, ರೋಗ ಹಾಗೇ ಇರುತ್ತದೆ.

ನಿಮಗೆ ನಂಬಿಕೆ ಬರಬೇಕು ಅಂದರೆ ಒಂದು ಪರೀಕ್ಷೆ ಮಾಡಿ. ಡೈ ಪೆನೆಟ್ರಂಟ್ ಅಂತ ಮೂರು ಸ್ಪ್ರೇ ಡಬ್ಬಿಗಳ ಸೆಟ್ ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ: ಕ್ಲೀನರ್, ಕೆಂಪು ಬಣ್ಣ, ಬಿಳಿ ಡೆವಲಪರ್. ಸ್ವೇಜ್ ಚೆನ್ನಾಗಿ ತೊಳೆದು ಒಣಗಿಸಿ, ಕೆಂಪು ಬಣ್ಣ ಹೊಡೆದು 10–15 ನಿಮಿಷ ಬಿಡಿ. ಆಮೇಲೆ ಬಟ್ಟೆಗೆ ಕ್ಲೀನರ್ ಹಾಕಿಕೊಂಡು ಒರೆಸಿ. ಕ್ಲೀನರನ್ನು ನೇರವಾಗಿ ಸ್ವೇಜ್ ಮೇಲೆ ಹೊಡೆಯಬೇಡಿ, ಬಿರುಕಿನೊಳಗೆ ಹೋದ ಬಣ್ಣವೂ ತೊಳೆದು ಹೋಗುತ್ತದೆ. ಕೊನೆಗೆ ಬಿಳಿ ಪುಡಿ ತೆಳ್ಳಗೆ ಹೊಡೆದು ಕಾಯಿರಿ. ಬಿರುಕು ಇದ್ದರೆ ಬಿಳಿಯ ಮೇಲೆ ಕೂದಲಿನಷ್ಟು ತೆಳ್ಳನೆಯ ಕೆಂಪು ಗೆರೆ ಮೂಡುತ್ತದೆ, ನೋಡನೋಡುತ್ತಿದ್ದಂತೆ ದಪ್ಪ ಆಗುತ್ತದೆ. ಒಂದು ಗೆರೆ ಸಾಕು, ಆ ತುದಿ ಕಸಕ್ಕೆ. ಗೆರೆ ಬರಲಿಲ್ಲ ಅಂದರೆ ಹೊರಮೈಗೆ ಬಿರುಕು ಬಂದಿಲ್ಲ ಅಂತ ಮಾತ್ರ ಅರ್ಥ, ಒಳಗೆ ಸರಿ ಇದೆ ಅಂತ ಅಲ್ಲ. ಸ್ವೇಜ್ ಬಾಳೆಕಾಯಿ ಥರ ಬಾಗಿದ್ದರೂ ಅದನ್ನು ನಂಬಬೇಡಿ.

ಇನ್ನು ಪಿನ್ನುಗಳು. ಒಂದೊಂದೇ ಹೊರತೆಗೆದು ಅದರ ಮೇಲೆ ಉಗುರು ಆಡಿಸಿ. ಉಗುರು ಎಲ್ಲಾದರೂ ತಡೆದು ನಿಂತರೆ ಅಲ್ಲಿ ಮೆಟ್ಟಿಲು ಬಿದ್ದಿದೆ, ಅಂದರೆ ಪಿನ್ನು ಸವೆದಿದೆ. ಪಿನ್ನು ಸವೆದ ಕಡೆ ಅದು ಕೂತಿದ್ದ ತೂತೂ ಉದ್ದವಾಗಿರುತ್ತದೆ. ಹೊಸ ಪಿನ್ನು ತೂತಿನಲ್ಲಿ ಅಲ್ಲಾಡದೆ ಕೂರಬೇಕು. ಪಿನ್ನಿನ ಜಾಗಕ್ಕೆ ಬೋಲ್ಟ್ ಹಾಕುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಬೋಲ್ಟಿನ ಮರೆ, ಅಂದರೆ ಥ್ರೆಡ್, ತೂತಿನ ಅಂಚಿನ ಮೇಲೆ ಕೂತರೆ ಭಾರವೆಲ್ಲ ಆ ನಾಲ್ಕು ಚೂಪು ಏಣುಗಳ ಮೇಲೆ ಬೀಳುತ್ತದೆ, ಬಿರುಕು ಅಲ್ಲಿಂದಲೇ ಶುರು.

ಚೈನ್‌ಪ್ಲೇಟ್ ವಿಷಯ ಎಲ್ಲಕ್ಕಿಂತ ಮುಖ್ಯ, ಜನ ಮುಟ್ಟದೇ ಬಿಡುವುದೂ ಇದನ್ನೇ. ಯಾಕೆಂದರೆ ಬಿಚ್ಚುವುದು ಕಷ್ಟ. ಡೆಕ್, ಅಂದರೆ ದೋಣಿಯ ಮೇಲ್ಹಾಸಿನ ಮೇಲೆ ಕಾಣುವ ಭಾಗ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಕೆಳಗೆ, ಕ್ಯಾಬಿನ್ ಒಳಗಿನ ಭಾಗವೂ ಚೆನ್ನಾಗಿರುತ್ತದೆ. ಹಾಳಾಗಿರುವುದು ನಡುವೆ, ಡೆಕ್ಕಿನ ದಪ್ಪದೊಳಗೆ ಸೀಲೆಂಟ್ ಸುತ್ತಿಕೊಂಡಿರುವ ಆ ಒಂದೆರಡು ಇಂಚಿನಲ್ಲಿ. ಹಳೇ ಸೀಲೆಂಟ್ ಬಿಟ್ಟುಕೊಂಡು ನೀರು ಒಳಗೆ ಹೋಗಿ ನಿಂತಿರುತ್ತದೆ. ಕ್ಯಾಬಿನ್ ಗೋಡೆಯ ಪ್ಲೈವುಡ್ ಮೇಲೆ ಕಂದು ನೀರಿನ ಜಾಡು ಇದೆಯಾ ನೋಡಿ. ಇದ್ದರೆ ಚೈನ್‌ಪ್ಲೇಟ್ ಜೊತೆಗೆ ಆ ಪ್ಲೈವುಡ್ಡೂ ಮೆತ್ತಗಾಗಿರಬಹುದು, ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ದಯವಿಟ್ಟು ಎಲ್ಲಾ ಚೈನ್‌ಪ್ಲೇಟ್ ಬಿಚ್ಚಿಸಿ. ಹೊಸ ತಂತಿಗೆ ದುಡ್ಡು ಹಾಕಿ ಅದನ್ನು ಹಳೇ ಪಟ್ಟಿಗೆ ಕಟ್ಟಿದರೆ ಆ ದುಡ್ಡು ದಂಡ.

ಯಾವುದನ್ನು ಬಿಡಬಹುದು ಅಂತ ಕೇಳಿದಿರಿ. ತಂತಿಗಳಿಗೆ ಸಾಮಾನ್ಯವಾಗಿ 10–12 ವರ್ಷ ಅಂತ ಲೆಕ್ಕ. ಬಿಸಿಲು, ಉಪ್ಪು ಜಾಸ್ತಿ ಇರುವ ನಮ್ಮ ಕರಾವಳಿಯಲ್ಲಿ ಇನ್ನೂ ಬೇಗ. ಹಳೇ ದೋಣಿ, ತಂತಿಗೆ ಎಷ್ಟು ವಯಸ್ಸು ಅಂತ ಕಾಗದ ಇಲ್ಲ, ಒಂದು ಎಳೆ ಆಗಲೇ ಕಿತ್ತಿದೆ. ಹಾಗಾಗಿ ತಂತಿ, ತುದಿ, ಪಿನ್ನು, ಟರ್ನ್‌ಬಕಲ್ ಎಲ್ಲಾ ಹೊಸದು ಹಾಕಿ. ಮಾಸ್ಟ್ ಮೇಲೆ ತಂತಿ ಸಿಕ್ಕಿಸುವ ಹಿಡಿಗಳಲ್ಲಿ ತೂತು ಸರಿ ಇದ್ದು ಪರೀಕ್ಷೆಯಲ್ಲಿ ಕೆಂಪು ಗೆರೆ ಬರದಿದ್ದರೆ ಅವನ್ನು ಉಳಿಸಿಕೊಳ್ಳಬಹುದು. ಆದರೆ ಸ್ಟೀಲು ಅಲ್ಯೂಮಿನಿಯಂಗೆ ತಾಗುವ ಕಡೆ ಬಿಳಿ ಪುಡಿ ಏಳುತ್ತಿದ್ದರೆ ಬಿಚ್ಚಿ ಶುಚಿ ಮಾಡಿ, ನಡುವೆ ಪ್ಲಾಸ್ಟಿಕ್ ಹಾಳೆಯೋ ಸೀಲೆಂಟೋ ಇಟ್ಟು ಮತ್ತೆ ಕೂರಿಸಿ.

ಲೇತ್ ಅಂಗಡಿಯ ವಿಷಯ. ನಮ್ಮ ಲೇತ್‌ನವರ ಕೈಚಳಕದ ಬಗ್ಗೆ ನನಗೆ ಎರಡು ಮಾತಿಲ್ಲ, ಟ್ರ್ಯಾಕ್ಟರ್ ಭಾಗದಿಂದ ದಾಲ್ ಮಿಲ್ ಭಾಗದವರೆಗೆ ಏನು ಬೇಕಾದರೂ ಮಾಡಿಕೊಡುತ್ತಾರೆ. ಕಷ್ಟ ಇರುವುದು ಮಾಲಿನಲ್ಲಿ. ಗ್ರಿಲ್ಲು, ರೇಲಿಂಗಿಗೆ ನಮ್ಮಲ್ಲಿ ಜಾಸ್ತಿ ಓಡುವುದು 202 ಗ್ರೇಡ್. ಪಾತ್ರೆ, ಟ್ಯಾಂಕಿಗೆ 304. ಸಮುದ್ರಕ್ಕೆ ಬೇಕಾಗಿರುವುದು 316, ಅದರಲ್ಲಿ 2–3 ಶೇಕಡಾ ಮಾಲಿಬ್ಡಿನಮ್ ಇರುತ್ತದೆ, ಉಪ್ಪನ್ನು ತಡೆಯುವ ಶಕ್ತಿ ಅದರದ್ದು. ಅಂಗಡಿಯವರು ಮ್ಯಾಗ್ನೆಟ್ ಹಿಡಿದು ‘ನೋಡಿ, ಅಂಟಲ್ಲ, ಒಳ್ಳೇ ಮಾಲು’ ಅಂತ ತೋರಿಸುತ್ತಾರೆ. 304ಕ್ಕೂ ಮ್ಯಾಗ್ನೆಟ್ ಅಂಟುವುದಿಲ್ಲ, 202ಕ್ಕೂ ಅಷ್ಟಕ್ಕಷ್ಟೇ. ಗ್ರೇಡ್ ಬರೆದ ಮಿಲ್ ಸರ್ಟಿಫಿಕೇಟ್ ಕೇಳಿ, ಇಲ್ಲವೇ ಮಾಲಿಬ್ಡಿನಮ್ ಪತ್ತೆ ಮಾಡುವ ರಾಸಾಯನಿಕ ಹನಿ ಹಾಕಿಸಿ ನೋಡಿ. ಸರ್ಟಿಫಿಕೇಟ್ ಇರುವ 316 ಪಟ್ಟಿ ನೀವೇ ತಂದುಕೊಟ್ಟರೆ ಚೈನ್‌ಪ್ಲೇಟನ್ನು ಹಳೆಯದರ ಅಳತೆಗೆ ಇಲ್ಲೇ ಮಾಡಿಸಬಹುದು. ತೂತು ಡ್ರಿಲ್ ಮಾಡಿಸಿ, ಪಂಚ್ ಬೇಡ, ಅಂಚು ಉಜ್ಜಿಸಿ, ಪೂರ್ತಿ ಪಾಲಿಶ್ ಮಾಡಿಸಿ. ನುಣುಪಾದ ಮೈಯಲ್ಲಿ ಉಪ್ಪು ನಿಲ್ಲುವುದು ಕಡಿಮೆ. ಟರ್ನ್‌ಬಕಲ್ ಮಾತ್ರ ಲೇತ್‌ನಲ್ಲಿ ಮಾಡಿಸಲೇಬೇಡಿ. ಒಳ್ಳೇ ಟರ್ನ್‌ಬಕಲ್‌ನ ಮರೆಯನ್ನು ಒತ್ತಿ ಉರುಳಿಸಿ ಮಾಡಿರುತ್ತಾರೆ, ಲೇತ್‌ನಲ್ಲಿ ಕೊರೆದ ಮರೆಯ ತಳದಿಂದ ಬಿರುಕು ಬೇಗ ಏಳುತ್ತದೆ.

ತುದಿಗೆ ಏನು ಹಾಕಿಸೋದು? ಸ್ವೇಜ್ ಒತ್ತಲು ದೊಡ್ಡ ಯಂತ್ರ ಬೇಕು, ಮುಂಬೈಯಲ್ಲಿ ಆ ಕೆಲಸ ಬಲ್ಲ ರಿಗ್ಗರ್‌ಗಳ ಕೈಲೇ ಮಾಡಿಸಬೇಕು. ನನ್ನ ಮನಸ್ಸು ಕೇಳಿದರೆ, ಕನಿಷ್ಠ ಕೆಳತುದಿಗಳಿಗಾದರೂ ಸ್ಟಾ-ಲಾಕ್ ಥರದ, ಎರಡು ಸ್ಪ್ಯಾನರ್‌ನಲ್ಲಿ ಕೂರಿಸುವ ತುದಿ ಹಾಕಿ. ನಿಮ್ಮ ತಂತಿ 19 ಎಳೆಯದು: ಒಳಗೆ 7, ಹೊರಗೆ 12. ಮೊದಲು ತುದಿಯ ಕೊಳವೆಯನ್ನು ತಂತಿಗೆ ತೂರಿಸಿಕೊಳ್ಳಿ. ಹೊರಗಿನ 12 ಎಳೆ ಬಿಚ್ಚಿ, ಒಳಗಿನ 7ರ ಮೇಲೆ ಸಣ್ಣ ಕೋನ್ ಏರಿಸಿ, ಮತ್ತೆ 12 ಎಳೆಯನ್ನು ಅದರ ಸುತ್ತ ಸಮನಾಗಿ ಹರಡಿ. ಕೋನ್‌ಗೆ ಒಂದು ಸೀಳು ಇರುತ್ತದೆ, ಯಾವ ಎಳೆಯೂ ಅದರೊಳಗೆ ಬೀಳದ ಹಾಗೆ ನೋಡಿಕೊಳ್ಳಿ. ಒಮ್ಮೆ ಒಣಗಿದ್ದಾಗಲೇ ಬಿಗಿ ಮಾಡಿ, ಬಿಚ್ಚಿ, ಎಳೆಗಳು ಚೆನ್ನಾಗಿ ಬಾಗಿ ಕೂತಿವೆಯಾ ಅಂತ ಕಣ್ಣಾರೆ ನೋಡಿ, ಆಮೇಲೆ ಒಳಗೆ ಸೀಲೆಂಟ್ ತುಂಬಿ ಕೊನೆಯ ಬಿಗಿ ಕೊಡಿ. ಸೀಲೆಂಟ್ ಹೊರಗೆ ಉಕ್ಕಬೇಕು. ಒಳಗೆ ಜಾಗವೇ ಇಲ್ಲದಿದ್ದರೆ ನೀರು ಎಲ್ಲಿ ನಿಲ್ಲುತ್ತದೆ ಹೇಳಿ? ಮುಂದೆ ಯಾವಾಗ ಬೇಕಾದರೂ ಬಿಚ್ಚಿ ನೋಡಬಹುದು. ಸ್ವೇಜ್‌ನಲ್ಲಿ ಆ ಅನುಕೂಲ ಇಲ್ಲ.

ಒಂದು ಎಚ್ಚರಿಕೆ. ಹಳೇ ವಿದೇಶಿ ದೋಣಿ ಆಗಿದ್ದರೆ ಅದರ ಅಳತೆ ಇಂಚಿನಲ್ಲಿರಬಹುದು. ಕಾಲು ಇಂಚಿನ ತಂತಿ 6.35 ಮಿಲಿಮೀಟರ್, ಅದಕ್ಕೆ 6 ಮಿಲಿಮೀಟರ್ ತುದಿ ಹಾಕಲು ಬರುವುದಿಲ್ಲ. ಅರ್ಧ ಇಂಚಿನ ತೂತಿಗೆ 12 ಮಿಲಿಮೀಟರ್ ಪಿನ್ನು ಹಾಕಿದರೆ ಗಡಗಡ ಅಲ್ಲಾಡುತ್ತದೆ. ಎಲ್ಲವನ್ನೂ ವರ್ನಿಯರ್ ಇಟ್ಟು ಅಳೆದು ಬರೆದುಕೊಳ್ಳಿ.

ದೋಣಿ ಹೇಗೂ ದಡದ ಮೇಲಿದೆ, ಅಕ್ಟೋಬರ್‌ವರೆಗೆ ಪುರುಸೊತ್ತು ಇದೆ. ಕ್ರೇನ್ ಕರೆಸಿ ಮಾಸ್ಟ್ ಕೆಳಗಿಳಿಸಿಯೇ ಕೆಲಸ ಮಾಡಿ. ನಿಂತ ಮಾಸ್ಟಿನಲ್ಲಿ ಒಂದೊಂದೇ ತಂತಿ ಬದಲಿಸುವವರೂ ಇದ್ದಾರೆ. ಆದರೆ ಎಳೆ ಕಿತ್ತ ತಂತಿ ನಂಬಿಕೊಂಡು ಯಾರನ್ನೂ ಮೇಲೆ ಹತ್ತಿಸಬೇಡಿ. ಹಳೇ ತಂತಿಗಳನ್ನು ನೆಲದ ಮೇಲೆ ಬಿಗಿಯಾಗಿ ಎಳೆದು, ಪಿನ್ನಿನ ನಡುವಿನಿಂದ ಪಿನ್ನಿನ ನಡುವಿನವರೆಗೆ ಅಳೆಯಿರಿ. ಯಾವುದು ಎಡದ್ದು, ಯಾವುದು ಬಲದ್ದು ಅಂತ ಚೀಟಿ ಕಟ್ಟಿ. ಬಿಚ್ಚುವ ಮೊದಲೇ ಕಟ್ಟಿ.

ಪ್ರಶ್ನೆ: ಸ್ಟೇನ್‌ಲೆಸ್ ಅಂದರೆ ತುಕ್ಕು ಹಿಡಿಯಬಾರದು ಅಲ್ವಾ? ಹಾಗಾದರೆ ದೋಣಿಯಲ್ಲಿ ಯಾಕೆ ಹಿಡಿಯುತ್ತದೆ? ಡಿಪ್ಲೊಮಾ ಓದುತ್ತಿದ್ದೇನೆ.
— ವಿದ್ಯಾರ್ಥಿ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಒಳ್ಳೇ ಪ್ರಶ್ನೆ ತಮ್ಮಾ. ಸ್ಟೇನ್‌ಲೆಸ್ ಸ್ಟೀಲಿನಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಮೈಮೇಲೆ ತುಂಬಾ ತೆಳ್ಳನೆಯ ಒಂದು ಪೊರೆ ಕಟ್ಟುತ್ತದೆ. ಗೀರು ಬಿದ್ದರೂ ಗಾಳಿ ಸಿಕ್ಕರೆ ಪೊರೆ ತಾನೇ ಮತ್ತೆ ಬೆಳೆಯುತ್ತದೆ. ಗಾಳಿ ಸಿಗದ ಇಕ್ಕಟ್ಟಿನ ಸಂದಿಯಲ್ಲಿ ಉಪ್ಪುನೀರು ನಿಂತರೆ ಪೊರೆ ಒಡೆಯುತ್ತದೆ, ಮತ್ತೆ ಬೆಳೆಯಲು ಆಮ್ಲಜನಕ ಇರುವುದಿಲ್ಲ, ಒಳಗಿನ ನೀರು ದಿನದಿನಕ್ಕೆ ಆಮ್ಲವಾಗುತ್ತಾ ಸ್ಟೀಲನ್ನು ಕೊರೆಯುತ್ತದೆ. ಅದಕ್ಕೇ ಬಯಲಲ್ಲಿರುವ ತಂತಿ ಹೊಳೆಯುತ್ತದೆ, ಸ್ವೇಜ್ ಒಳಗೆ, ಡೆಕ್ ಒಳಗೆ, ಬೋಲ್ಟಿನ ತಲೆಯಡಿ ಹಾಳಾಗುತ್ತದೆ. ನಿಮ್ಮ ಪಠ್ಯದಲ್ಲಿ ಇದು ಕ್ರೆವಿಸ್ ಕರೋಶನ್ ಅನ್ನುವ ಹೆಸರಲ್ಲಿ ಇರುತ್ತದೆ, ಬಿಡದೆ ಓದಿ.

ಪ್ರಶ್ನೆ: ನಾನು ಸಿಮೆಂಟ್ ಕಾರ್ಖಾನೆಯಲ್ಲಿ ರಿಗ್ಗರ್ ಆಗಿದ್ದೇನೆ. ಕ್ರೇನಿನ ವೈರ್ ರೋಪಿನಲ್ಲಿ ಕೆಲವು ಎಳೆ ಕಿತ್ತರೂ ಲೆಕ್ಕ ಹಾಕಿ ಓಡಿಸುತ್ತೇವೆ. ದೋಣಿಯಲ್ಲಿ ಒಂದೇ ಎಳೆಗೆ ಯಾಕೆ ಇಷ್ಟು ಹೆದರಿಕೆ? ನಮ್ಮಲ್ಲಿರುವ ವೈರ್ ರೋಪನ್ನೇ ಮಡಚಿ ಬುಲ್‌ಡಾಗ್ ಕ್ಲಿಪ್ ಹಾಕಿದರೆ ಆಗಲ್ವಾ?
— ಒಬ್ಬ ಓದುಗರು, ವಾಡಿ

ಉತ್ತರ: ನಿಮ್ಮ ಕ್ರೇನ್ ರೋಪಿನಲ್ಲಿ ಇನ್ನೂರಕ್ಕೂ ಹೆಚ್ಚು ಸಣ್ಣ ಎಳೆಗಳಿರುತ್ತವೆ, ರಾಟೆ ಮೇಲೆ ಬಾಗಬೇಕು ಅಂತಲೇ ಹಾಗೆ ಮಾಡಿರುತ್ತಾರೆ. ಅಲ್ಲಿ ಒಂದೆರಡು ಹೋದರೆ ಭಾರ ಹಂಚಿಕೊಳ್ಳಲು ಬೇರೆ ಎಳೆಗಳು ಬೇಕಾದಷ್ಟು. ದೋಣಿಯ ತಂತಿಯಲ್ಲಿ ಇರುವುದೇ 19 ದಪ್ಪ ಎಳೆ. ಒಂದು ಹೋದರೆ ಶೇಕಡಾ 5ರಷ್ಟು ಬಲ ಹೋಯಿತು. ಅಷ್ಟೇ ಆಗಿದ್ದರೆ ಪರವಾಗಿಲ್ಲ ಅನ್ನಬಹುದಿತ್ತು. ಆದರೆ ಅದನ್ನು ಕಿತ್ತ ಉಪ್ಪು, ಅದೇ ಬಾಗು, ಅದೇ ದಣಿವು ಪಕ್ಕದ ಎಳೆಗೂ ಆಗಿರುತ್ತದೆ. ಅದಕ್ಕೇ ಇಲ್ಲಿ ಲೆಕ್ಕ ಹಾಕುವ ಪದ್ಧತಿ ಇಲ್ಲ.

ಕ್ರೇನ್ ರೋಪು ದೋಣಿಗೆ ಸಲ್ಲುವುದಿಲ್ಲ. ಅದು ಹಿಗ್ಗುತ್ತದೆ, ಗ್ರೀಸ್ ತೊಳೆದುಹೋದ ಕೂಡಲೇ ತುಕ್ಕು ಹಿಡಿಯುತ್ತದೆ. 19 ಎಳೆಯ ತಂತಿ ಗಡುಸು, ಅದನ್ನು ಮಡಚಿ ಕ್ಲಿಪ್ ಹಾಕಲು ಹೋದರೆ ಬಾಗಿದಲ್ಲೇ ಹಾಳಾಗುತ್ತದೆ. ಆದರೂ ನಾಲ್ಕಾರು ಕ್ಲಿಪ್, ಒಂದಷ್ಟು ಮೆತ್ತನೆಯ ತಂತಿ ದೋಣಿಯಲ್ಲಿ ಇರಲಿ ಅನ್ನುವವನು ನಾನು. ನಡುನೀರಲ್ಲಿ ಶ್ರೌಡ್ ಹೋದರೆ ದಡ ಸೇರುವ ತನಕ ಅದೇ ಗತಿ. ಹಾಕುವ ಕ್ರಮ ನಿಮಗೆ ಗೊತ್ತೇ ಇದೆ, ಓದುವ ಉಳಿದವರಿಗಾಗಿ ಹೇಳುತ್ತೇನೆ, ಮನೆ ಮೇಲೆ ಆಂಟೆನಾ ಕಂಬ ನಿಲ್ಲಿಸುವವರಿಗೂ ಬೇಕಾಗುತ್ತದೆ: ಕ್ಲಿಪ್ಪಿನ ತಳದ ಗಟ್ಟಿ ತುಂಡು ಭಾರ ಹೊರುವ ಉದ್ದ ತಂತಿಯ ಕಡೆ, ಯು-ಬೋಲ್ಟ್ ಮಡಚಿದ ಗಿಡ್ಡ ತುದಿಯ ಕಡೆ. ಮೂರಕ್ಕಿಂತ ಕಡಿಮೆ ಬೇಡ. ಒಂದಕ್ಕೊಂದು ಅಂತರ ತಂತಿಯ ದಪ್ಪದ ಆರು ಪಟ್ಟು.

ಪ್ರಶ್ನೆ: ನಾನು ವಾಯುಪಡೆಯಿಂದ ನಿವೃತ್ತನಾಗಿ ಬೀದರಿನಲ್ಲೇ ನೆಲೆಸಿದ್ದೇನೆ. ಅಳಿಯನಿಗೆ ಗೋವಾದಲ್ಲಿ ಒಂದು ಹಳೇ ಹಾಯಿದೋಣಿ ಇದೆ. ಎರಡು ಟರ್ನ್‌ಬಕಲ್ ಕಚ್ಚಿಕೊಂಡು ತಿರುಗುತ್ತಿಲ್ಲ. ಉದ್ದ ಪೈಪ್ ಹಾಕಿ ತಿರುಗಿಸೋಣ ಅನ್ನುತ್ತಾನೆ. ಇನ್ನೊಂದು, ತಂತಿ ಎಷ್ಟು ಬಿಗಿ ಇರಬೇಕು? ಅಳೆಯುವ ಗೇಜ್ ನಮ್ಮ ಹತ್ತಿರ ಇಲ್ಲ.
— ಹಿರಿಯ ಓದುಗರು, ಬೀದರ್

ಉತ್ತರ: ಅಳಿಯಂದಿರಿಗೆ ಪೈಪ್ ಕೆಳಗಿಡಲು ಹೇಳಿ ಸರ್. ಸ್ಟೇನ್‌ಲೆಸ್ ಮರೆ ಸ್ಟೇನ್‌ಲೆಸ್ ಮರೆಯ ಮೇಲೆ ಒಣಗಿ ಉಜ್ಜಿದರೆ ಲೋಹ ಲೋಹಕ್ಕೆ ಕಿತ್ತು ಅಂಟುತ್ತದೆ. ಬಲ ಹಾಕಿದಷ್ಟೂ ಜಾಸ್ತಿ ಅಂಟುತ್ತದೆ. ತಂತಿಯ ಭಾರ ಇಳಿಸಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ, ಸ್ವಲ್ಪ ಬಿಸಿ ಮಾಡಿ, ಹಿಂದೆ ಮುಂದೆ ನಿಧಾನ ಆಡಿಸಿ. ಬಂದರೆ ಬಂತು. ಬರದಿದ್ದರೆ, ಬಂದ ಮೇಲೆ ಮರೆ ಕಿತ್ತಿದ್ದರೂ, ಹೊಸದು ಹಾಕಿ. ಹೊಸದು ತಗೊಳ್ಳುವಾಗ ಕಂಚಿನ ಮೈ, ಸ್ಟೀಲ್ ಮರೆ ಇರುವುದನ್ನು ಆರಿಸಿ, ಎರಡು ಬೇರೆ ಲೋಹ ಆದ್ದರಿಂದ ಹೀಗೆ ಕಚ್ಚುವುದಿಲ್ಲ. ಮೈ ತೆರೆದಿರುವ ಮಾದರಿ ಇನ್ನೂ ಒಳ್ಳೆಯದು. ಒಳಗೆ ಎಷ್ಟು ಮರೆ ಹಿಡಿದಿದೆ ಅಂತ ಕಾಣುತ್ತದೆ, ನೀರೂ ನಿಲ್ಲುವುದಿಲ್ಲ. ಮರೆಗೆ ಲ್ಯಾನೊಲಿನ್ ಗ್ರೀಸ್ ಹಚ್ಚಿ. ಟರ್ನ್‌ಬಕಲ್‌ಗೂ ಚೈನ್‌ಪ್ಲೇಟಿಗೂ ನಡುವೆ ಎರಡೂ ದಿಕ್ಕಿಗೆ ಬಾಗುವ ಟಾಗಲ್ ಇದೆಯಾ ನೋಡಿ. ಇಲ್ಲದಿದ್ದರೆ ತಂತಿ ಅಲ್ಲಾಡಿದಾಗಲೆಲ್ಲ ಟರ್ನ್‌ಬಕಲ್‌ನ ಕಡ್ಡಿ ಬಾಗಿ ಬಾಗಿ ಕೊನೆಗೆ ಮುರಿಯುತ್ತದೆ. ಫೋರ್‌ಸ್ಟೇಗಂತೂ ಮೇಲೆ ಕೆಳಗೆ ಎರಡೂ ಕಡೆ ಟಾಗಲ್ ಬೇಕೇ ಬೇಕು.

ಗೇಜ್ ಇಲ್ಲದೆ ಬಿಗಿ ಅಳೆಯಲು ಒಂದು ಚಂದದ ಉಪಾಯ ಇದೆ. ಎರಡು ಮೀಟರ್ ಉದ್ದದ ಸ್ಕೇಲ್ ಅಥವಾ ಕಡ್ಡಿ ತಗೊಳ್ಳಿ. ತಂತಿ ಕೈಬಿಗಿಯಷ್ಟೇ ಇರುವಾಗ ಕಡ್ಡಿಯ ಮೇಲ್ತುದಿಯನ್ನು ತಂತಿಗೆ ಟೇಪ್‌ನಿಂದ ಭದ್ರವಾಗಿ ಕಟ್ಟಿ, ಕೆಳತುದಿ ಇರುವಲ್ಲಿ ತಂತಿಯ ಮೇಲೆ ಗುರುತು ಮಾಡಿ. ಈಗ ಟರ್ನ್‌ಬಕಲ್ ಬಿಗಿ ಮಾಡುತ್ತಾ ಹೋದರೆ ತಂತಿ ಹಿಗ್ಗಿ ಗುರುತು ಕಡ್ಡಿಯ ತುದಿಯಿಂದ ಕೆಳಗೆ ಸರಿಯುತ್ತದೆ. 19 ಎಳೆಯ ತಂತಿಯಲ್ಲಿ ಎರಡು ಮೀಟರಿಗೆ 1 ಮಿಲಿಮೀಟರ್ ಹಿಗ್ಗಿದರೆ, ಆ ತಂತಿ ಹರಿಯುವ ಭಾರದ ಶೇಕಡಾ 5ರಷ್ಟು ಬಿಗಿ ಬಂದಿದೆ ಅಂತ. ಮಾಸ್ಟಿನ ಮೇಲ್ತುದಿಗೆ ಹೋಗುವ ಶ್ರೌಡ್‌ಗಳಿಗೆ 3 ಮಿಲಿಮೀಟರ್, ಅಂದರೆ ಶೇಕಡಾ 15, ಶುರುವಿಗೆ ಸರಿಯಾದ ಬಿಗಿ. 6 ಮಿಲಿಮೀಟರ್ ತಂತಿ ಹರಿಯುವುದು ಸುಮಾರು 2.8 ಟನ್ನಿಗೆ, ಹಾಗಾಗಿ ಶೇಕಡಾ 15 ಅಂದರೂ 400 ಕಿಲೋ ದಾಟುತ್ತದೆ. ಎಡಕ್ಕೆ ಎರಡು ಸುತ್ತು ಕೊಟ್ಟರೆ ಬಲಕ್ಕೂ ಎರಡು ಕೊಡಿ. ಆಗಾಗ ಮಾಸ್ಟಿನ ಬುಡದಲ್ಲಿ ನಿಂತು, ಹಾಯಿ ಏರುವ ತೋಡಿನ ಉದ್ದಕ್ಕೂ ಕಣ್ಣು ಹಾಯಿಸಿ, ನೆಟ್ಟಗಿದೆಯಾ ನೋಡುತ್ತಿರಿ.

ಕೊನೆಯ ಪರೀಕ್ಷೆ ನೀರಿನ ಮೇಲೆ. ಹದವಾದ ಗಾಳಿಯಲ್ಲಿ ದೋಣಿ ವಾಲಿಕೊಂಡು ಓಡುವಾಗ ಗಾಳಿಗೆ ಆಚೆ ಬದಿಯ ಶ್ರೌಡ್ ಸ್ವಲ್ಪ ಸಡಿಲ ಆಗಬಹುದು, ಜೋತುಬಿದ್ದು ಬಡಿದಾಡಬಾರದು. ಹೊಸ ತಂತಿ ಮೊದಲ ಕೆಲವು ಓಡಾಟದಲ್ಲಿ ಸ್ವಲ್ಪ ಹಿಗ್ಗಿ ಕೂರುತ್ತದೆ, ಆಮೇಲೆ ಮತ್ತೊಮ್ಮೆ ಅಳೆದು ಸರಿ ಮಾಡಿ.

ಬಿಗಿ ಸರಿಹೋದ ಮೇಲೆ ಸ್ಪ್ಲಿಟ್ ಪಿನ್ ಹಾಕಿ, ಹೊಸದನ್ನೇ ಹಾಕಿ. ಅದರ ಕಾಲುಗಳನ್ನು ಸುರುಳಿ ಸುತ್ತಬೇಡಿ, ಸ್ವಲ್ಪವೇ ಅಗಲಿಸಿ ಬಿಡಿ. ಇದಕ್ಕೆ ಕಾರಣ ಇದೆ. ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತುವ 2018ರ ಗೋಲ್ಡನ್ ಗ್ಲೋಬ್ ರೇಸಿನಲ್ಲಿ, ಆಗ ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟೋಮಿ ಅವರ ದೋಣಿ ‘ತುರಿಯ’ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಉರುಳಿ ಮಾಸ್ಟ್ ಮುರಿದಿದ್ದು ನಿಮಗೆ ನೆನಪಿರಬಹುದು. ಅಂಥ ಹೊತ್ತಿನಲ್ಲಿ ಯಾವ ದೋಣಿಗಾದರೂ ಮುರಿದ ಮಾಸ್ಟ್ ತಂತಿಯಲ್ಲಿ ನೇತಾಡುತ್ತಾ ಪ್ರತಿ ಅಲೆಗೂ ಮೈಗೆ ಗುದ್ದುತ್ತದೆ, ಮೈ ತೂತಾಗುವ ಮೊದಲು ತಂತಿ ಬಿಡಿಸಬೇಕು. ಸ್ಟೀಲ್ ತಂತಿ ಕತ್ತರಿಸುವುದಕ್ಕಿಂತ ಇಕ್ಕಳದಿಂದ ಸ್ಪ್ಲಿಟ್ ಪಿನ್ ಎಳೆದು, ಸುತ್ತಿಗೆಯಿಂದ ಪಿನ್ನು ಹೊರಗೆ ಹೊಡೆಯುವುದು ಬೇಗ ಆಗುತ್ತದೆ. ಸುರುಳಿ ಸುತ್ತಿದ ಪಿನ್ನು ಕತ್ತಲಲ್ಲಿ ಬಿಚ್ಚಲು ಬರುವುದಿಲ್ಲ. ಚೂಪು ತುದಿ ಹಾಯಿಗೆ ತಾಗುತ್ತದೆ ಅನ್ನಿಸಿದರೆ ಅದರ ಮೇಲೆ ಒಂದು ಹನಿ ಸಿಲಿಕೋನ್ ಸಾಕು. ಟರ್ನ್‌ಬಕಲ್ ಪೂರ್ತಿ ಟೇಪ್ ಸುತ್ತಬೇಡಿ, ಉಪ್ಪುನೀರು ಅದರೊಳಗೇ ನಿಲ್ಲುತ್ತದೆ.